ಹೈವೇ ಮುಟ್ಟದೆ ಭದ್ರಾವತಿಗೆ

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಪ್ಪತ್ತೆರಡು ವರ್ಷದಿಂದ, ರಜೆಗಳನ್ನು ಬಿಟ್ಟರೆ, ದಿನವೂ ಆ ಮುಕ್ಕಾಲು ಗಂಟೆಯನ್ನು ಕಿಟಕಿ ಪಕ್ಕ ಕೂತು ಕಳೆದಿದ್ದೇನೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಚರಿತ್ರೆ, ಪೌರನೀತಿ ಎಲ್ಲ ಪಾಠ ಮಾಡುತ್ತೇನಾದರೂ ಓದಿದ್ದು ಭೂಗೋಳ, ಮನಸ್ಸು ಕೊಟ್ಟದ್ದೂ ಅದಕ್ಕೇ. ಅದೇ ಭದ್ರಾವತಿಗೆ ಒಂದು ಭಾನುವಾರ ಜೀಪಿನಲ್ಲಿ ಹೊರಟ ನನಗೆ ತಲುಪಲು ನಾಲ್ಕು ಗಂಟೆಗೂ ಮೇಲೆ ಹಿಡಿಯಿತು. ಜೀಪು ಕೆಟ್ಟಿರಲಿಲ್ಲ, ಡೀಸೆಲ್ ತುಂಬಿತ್ತು, ಮಳೆಗಾಲವೂ ಅಲ್ಲ. ಜೀಪಿನಲ್ಲಿ ನಕ್ಷೆಯೊಂದಿತ್ತು, ಅಷ್ಟೆ.

ಇದೆಲ್ಲ ಶುರುವಾದದ್ದು ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ. ಗೋಪಾಳದಲ್ಲಿ ನಮ್ಮ ಮನೆಗೆ ಹತ್ತಿರದ ಪಾರ್ಕಿಗೆ ವಾಕಿಂಗ್ ಹೋಗುವ ಅವರಿಗೆ ಅಲ್ಲಿ ಒಬ್ಬ ಇಂಜಿನಿಯರ್ ಸಾಹೇಬರ ಪರಿಚಯವಾಯಿತು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಮನೆ ರಾಗಿಗುಡ್ಡದ ಕಡೆ. ಆದರೂ ನಡೆಯಲು ಇಷ್ಟು ದೂರ ಗೋಪಾಳಕ್ಕೇ ಬರುತ್ತಿದ್ದರು. ತಮ್ಮ ಬಡಾವಣೆಯಲ್ಲಿ ಅವರ ಮಾತು ಕೇಳುವ ಜನ ಖರ್ಚಾಗಿ ಹೋಗಿದ್ದರು ಎಂದು ನನ್ನ ಅನುಮಾನ.

ಅವರ ಹತ್ತಿರ ಒಂದು ರಸ್ತೆ ನಕ್ಷೆಗಳ ಪುಸ್ತಕವಿತ್ತು. ರೊಟ್ಟಿ ಮಣೆಯಷ್ಟು ಅಗಲ, ಇಟ್ಟಿಗೆಯಷ್ಟು ಭಾರ. ಹೆದ್ದಾರಿಗಳಷ್ಟೇ ಅಲ್ಲ, ಹಳ್ಳಿ ರಸ್ತೆ, ಗಾಡಿ ಜಾಡು, ಕೆರೆ, ಚಾನಲ್, ರೈಲ್ವೆ ಗೇಟು ಎಲ್ಲವೂ ಅದರಲ್ಲಿದ್ದವು. ಪುಸ್ತಕ ಚೆನ್ನಾಗಿಯೇ ಇತ್ತು. ನಾನು ಅದನ್ನು ಮೊದಲ ಸಲ ಬಿಡಿಸಿ ನೋಡಿದಾಗ ಹೊಸ ಸೀರೆಯ ಮಡಿಕೆ ಬಿಚ್ಚಿದಷ್ಟು ಸಂತೋಷವಾಗಿತ್ತು. ಸಾಹೇಬರು ಅದಕ್ಕೆ ಖಾಕಿ ಕಾಗದದ ರಟ್ಟು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಐದನೇ ಕ್ಲಾಸಿನ ಹುಡುಗರಂತೆ ಲೇಬಲ್ ಅಂಟಿಸಿ ತಮ್ಮ ಹೆಸರು ಬರೆದುಕೊಂಡಿದ್ದರು.

ನಮ್ಮ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಅವರು ಹೇಳಿದ್ದು ಇನ್ನೂ ನೆನಪಿದೆ. "ಈ ಫೋನು ನಮ್ಮನ್ನ ಕುರಿ ಮಾಡ್ಬಿಟ್ಟಿದೆ ಮಾರಾಯ್ರೆ. ಎಡಕ್ಕೆ ತಿರುಗು ಅಂದ್ರೆ ಎಡಕ್ಕೆ. ಬಾವಿಗೆ ಬೀಳು ಅಂದ್ರೆ ಬಾವಿಗೆ. ನಕ್ಷೆ ಓದಿ ಹೋಗೋನು ಮನುಷ್ಯ. ಉಳಿದೋರೆಲ್ಲ ಲಗೇಜು."

ಭಾನುವಾರ ತಮ್ಮ ಜೀಪಿನಲ್ಲಿ ಆ ನಕ್ಷೆ ನೋಡಿಕೊಂಡು ಹಳ್ಳಿದಾರಿ ಸುತ್ತುವುದು ಅವರ ಹವ್ಯಾಸ, ಅದಕ್ಕೆ ಮೂರು ನಿಯಮ. ಹೊರಟ ಮೇಲೆ ಎಲ್ಲರ ಫೋನೂ ಆಫ್ ಆಗಿ ಒಂದು ಬಟ್ಟೆ ಚೀಲದೊಳಗೆ ಹೋಗಬೇಕು. ಹೈವೇ ಮುಟ್ಟಬಾರದು. ದಾರಿಯಲ್ಲಿ ಯಾರನ್ನೂ ದಾರಿ ಕೇಳಬಾರದು.

"ಕೇಳಿದ್ರೆ ಏನಾಗುತ್ತೆ ಸರ್?" ಎಂದು ನಾನು ಕೇಳಿದೆ.

"ಕೇಳೋದಾದ್ರೆ ನಕ್ಷೆ ಯಾಕ್ ಬೇಕು ಮೇಡಂ?"

ಮೊದಲ ನಾಲ್ಕೈದು ಭಾನುವಾರ ಗಂಡಸರಿಬ್ಬರೇ ಹೋದರು. ಎಲ್ಲಿಗೆ ಹೋಗಬೇಕೆಂದು ಹೊರಟಿದ್ದರೋ ಅಲ್ಲಿಗೆ ಒಂದು ಸಲವೂ ತಲುಪಲಿಲ್ಲ. ಆದರೆ ಎಲ್ಲಿಗೆ ಮುಟ್ಟಿದರೋ ಅದೇ ತಮ್ಮ ಗುರಿಯಾಗಿತ್ತೆಂದು ವಾಪಸ್ ಬರುವಾಗ ತೀರ್ಮಾನ ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಯವರ ಭಾಷೆಯೇ ಬದಲಾಯಿತು. ಯಾವುದೋ ಕೆರೆ ನೋಡಿದೆವು ಎಂದು ಹೇಳುವ ಬದಲು "ಪುಟ ನಲವತ್ತೆರಡು, ಸಿ-ನಾಲ್ಕು" ಎನ್ನತೊಡಗಿದರು. ನಮ್ಮದೇ ಮನೆಯ ನೀರಿನ ವಾಲ್ವು ಎಲ್ಲಿದೆ ಎಂದು ಪ್ರತಿ ಸಲ ನನ್ನನ್ನು ಕೇಳುವ ಮನುಷ್ಯ ಹೊಳೆಹೊನ್ನೂರು ಕಡೆಯ ಗಾಡಿ ಜಾಡುಗಳ ಬಗ್ಗೆ ನನಗೆ ಪಾಠ ಹೇಳುವಂತಾಯಿತು. ಒಂದು ಸಂಜೆ ನಾನು ಪಕ್ಕ ಕೂತು, ಗೆರೆಗಳ ಬಣ್ಣಕ್ಕೆ ಏನರ್ಥ, ಅಳತೆ ಪಟ್ಟಿಯನ್ನು ಹೇಗೆ ನೋಡಬೇಕು ಎಂದು ತೋರಿಸಲು ಹೋದೆ.

"ಅದೆಲ್ಲ ಪರೀಕ್ಷೆಗೆ ಕಣೇ ಮಾರಾಯ್ತಿ," ಎಂದರು. "ಇದು ಪ್ರಾಕ್ಟಿಕಲ್ಲು."

ನಾನು ಎದ್ದು ಒಳಗೆ ಹೋದೆ. ನಕ್ಷೆ ಓದುವುದು ಹೇಗೆಂದು ಅದೆಷ್ಟೋ ಮಕ್ಕಳಿಗೆ ಕಲಿಸಿದವಳಿಗೆ ಸ್ವಂತ ಮನೆಯಲ್ಲಿ ಸಿಕ್ಕ ಮರ್ಯಾದೆ ಇಷ್ಟು.

ಜನವರಿಯಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ನಿವೃತ್ತರಾದರು. ಭಾನುವಾರ ಹನ್ನೊಂದು ಗಂಟೆಗೆ ಶಾಲೆಯಲ್ಲೇ ಸನ್ಮಾನ, ಆಮೇಲೆ ಊಟ. ಸನ್ಮಾನದ ಫಲಕವನ್ನು ಶಿವಮೊಗ್ಗದಲ್ಲಿ ಮಾಡಿಸುವ ಜವಾಬ್ದಾರಿ ನನ್ನದಾಗಿತ್ತು. ಅಭಿನಂದನಾ ಪತ್ರ ಬರೆದವಳು ನಾನೇ, ವೇದಿಕೆಯ ಮೇಲೆ ಓದಬೇಕಾದವಳೂ ನಾನೇ. ಈ ಸುದ್ದಿ ನಮ್ಮ ಮನೆಯವರ ಬಾಯಿಂದ ಪಾರ್ಕಿಗೆ ಹೋಗಿ, ಅಲ್ಲಿಂದ ಸಾಹೇಬರ ಕಿವಿಗೆ ಬಿತ್ತು. ಅವರು ಮನೆಗೇ ಬಂದರು.

"ಭದ್ರಾವತಿ ತಾನೇ ಮೇಡಂ? ನಾವು ಬಿಡ್ತೀವಿ. ಹಿಂದಿನ ದಾರೀಲಿ. ನಮ್ಮನೆಯವ್ರನ್ನೂ ಕರ್ಕೊಂಡ್ ಬರ್ತೀನಿ. ನಿಮ್ಮನ್ನ ಹತ್ತೂವರೆಗೆ ಸ್ಕೂಲ್ ಗೇಟಲ್ಲಿ ಇಳಿಸಿ ನಾವು ಡ್ಯಾಂ ಕಡೆ ಹೋಗ್ತೀವಿ."

ಬೇಡ ಎನ್ನಬಹುದಿತ್ತು. ಎಂಟೂವರೆಯ ಬಸ್ಸಿತ್ತು, ಅದರ ಕಂಡಕ್ಟರು ನನ್ನ ಮುಖ ನೋಡಿಯೇ ಟಿಕೆಟ್ ಹರಿಯುವಷ್ಟು ಹಳೆಯ ಪರಿಚಯ. ರೇಷ್ಮೆ ಸೀರೆ, ಕೈಯಲ್ಲಿ ಫಲಕ, ಬಸ್ಸಿನ ನೂಕುನುಗ್ಗಲು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಅದಲ್ಲ. ಆ ದಿನ ಎಲ್ಲೋ ಒಂದು ಕಡೆ ಗಂಡಸರಿಬ್ಬರೂ ದಾರಿ ತಪ್ಪಿ ಹಿಂದೆ ತಿರುಗಿ, "ಮೇಡಂ, ಸ್ವಲ್ಪ ನೀವೇ ನೋಡಿ" ಎನ್ನುತ್ತಾರೆ, ನಾನು ಪುಸ್ತಕ ತೆಗೆದುಕೊಂಡು ಒಂದೇ ನೋಟಕ್ಕೆ ಬೆರಳಿಟ್ಟು ತೋರಿಸುತ್ತೇನೆ ಎಂಬ ಆಸೆ ನನ್ನದು. ಐವತ್ತು ದಾಟಿದ ಮೇಲೂ ಮನುಷ್ಯರಿಗೆ ಇಂಥ ಆಸೆ ಇರುತ್ತದೆ.

ಭಾನುವಾರ ಎಂಟೂವರೆಗೆ ಜೀಪು ಬಂತು. ಗಂಡಸರು ಮುಂದೆ, ಹೆಂಗಸರು ಹಿಂದೆ. ನಮ್ಮ ಮನೆಯವರ ತೊಡೆಯ ಮೇಲೆ ನಕ್ಷೆ, ನನ್ನ ತೊಡೆಯ ಮೇಲೆ ಚಪಾತಿ-ಪಲ್ಯದ ಕ್ಯಾರಿಯರ್, ಅದರ ಮೇಲೆ ಫಲಕ. ಸಾಹೇಬರ ಹೆಂಡತಿ ಬಟ್ಟೆ ಚೀಲ ಹಿಡಿದು ಎಲ್ಲರ ಫೋನು ಸಂಗ್ರಹಿಸಿದರು, ಮದುವೆ ಮನೆಯಲ್ಲಿ ಚಪ್ಪಲಿ ಕಾಯುವವರಷ್ಟೇ ನಿರ್ಲಿಪ್ತವಾಗಿ. ಸಣ್ಣ ದೇಹದ, ಕಡಿಮೆ ಮಾತಿನ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ತುಂಗೆಯ ಸೇತುವೆ ದಾಟುವ ಮೊದಲೇ ಅವರು ಕಣ್ಣು ಮುಚ್ಚಿದರು.

ಹೊಳೆಹೊನ್ನೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿದೆವು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಅಂಗಳಗಳಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಬೇಸಿಗೆ ಬೆಳೆಗೆ ಚಾನಲ್ಲಿನಲ್ಲಿ ನೀರು ಬಿಟ್ಟಿದ್ದರು, ಗದ್ದೆಗಳು ನಾಟಿಗೆ ತಯಾರಾಗಿ ಹೊಳೆಯುತ್ತಿದ್ದವು. ನನಗೂ ಖುಷಿಯಾಯಿತು. ಇಷ್ಟು ವರ್ಷ ಹೆದ್ದಾರಿಯ ಲಾರಿಗಳ ಹಿಂಭಾಗ ಓದುತ್ತಾ ಹೋದವಳಿಗೆ ಎರಡು ಊರುಗಳ ನಡುವೆ ಇಷ್ಟು ಹಸಿರಿದೆ ಎಂದು ಗೊತ್ತೇ ಇರಲಿಲ್ಲ.

ಒಂದು ಕಡೆ ದಾರಿ ಮೂರಾಗಿ ಒಡೆಯಿತು. ಸಾಹೇಬರು ಜೀಪು ನಿಲ್ಲಿಸಿದರು. ನಮ್ಮ ಮನೆಯವರು ಪುಸ್ತಕವನ್ನು ಮೂಗಿನ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಓದುವ ಕನ್ನಡಕ ಮನೆಯಲ್ಲಿ ಟೀವಿಯ ಮೇಲಿತ್ತು. ಹಾಕಿಕೊಂಡು ಬಂದಿದ್ದು ದೂರದ್ದು.

"ಇಲ್ಲಿ ಒಂದು ಗೆರೆ ಸೀದಾ ಭದ್ರಾವತಿಗೇ ಹೋಗುತ್ತೆ ಸರ್. ಮಧ್ಯದ್ದು."

ನಾನು ಹಿಂದಿನಿಂದ ಬಗ್ಗಿ ನೋಡಿದೆ. "ರೀ, ಅದು ಚುಕ್ಕಿ ಗೆರೆ. ಕಾಲುದಾರಿ. ಪಕ್ಕದ ನೀಲಿ ಇದ್ಯಲ್ಲ, ಅದು ಚಾನಲ್ಲು. ನೀವು ಚಾನಲ್ ಏರಿ ಮೇಲೆ ಜೀಪ್ ಓಡಿಸೋಕೆ ಹೇಳ್ತಿದೀರ."

ಸಾಹೇಬರು ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕರು. "ಮೇಡಂ, ಚಾನಲ್ ಏರಿ ಅನ್ನೋದು ಜೀಪ್ ಹೋಗ್ಲಿ ಅಂತ್ಲೇ ಇರೋದು. ನಮ್ಮ ಸರ್ವೀಸೆಲ್ಲ ಅದರ ಮೇಲೇ ಕಳೆದಿದೆ. ನೀವು ಆ ಕ್ಯಾರಿಯರ್ ಬೀಳ್ದಂಗೆ ಹಿಡ್ಕೊಳ್ಳಿ, ಸಾಕು."

ನಮ್ಮ ಮನೆಯವರೂ ನಕ್ಕರು. ಆ ನಗುವನ್ನು ನಾನು ಬಹಳ ದಿನ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಏರಿಯ ಮೇಲೆ ಒಂದು ಕಿಲೋಮೀಟರ್‌ವರೆಗೆ ಎಲ್ಲ ಸರಿಯಿತ್ತು. ಎಡಕ್ಕೆ ನೀರು, ಬಲಕ್ಕೆ ಎರಡಾಳು ತಗ್ಗಿನಲ್ಲಿ ಗದ್ದೆ. ಆಮೇಲೆ ಏರಿ ಕಿರಿದಾಗುತ್ತಾ ಬಂತು. ಇನ್ನೂ ಸ್ವಲ್ಪ ಮುಂದೆ ಚಾನಲ್ಲಿನಿಂದ ಎತ್ತಿ ಹಾಕಿದ ಹೂಳು ಆಳೆತ್ತರದ ರಾಶಿಯಾಗಿ ದಾರಿಗೆ ಅಡ್ಡ ಬಿದ್ದಿತ್ತು. ರಾಶಿಯ ಮೇಲೆ ಗಿಡಗಳು ಬೆಳೆದು ಹೂವೂ ಬಿಟ್ಟಿದ್ದವು.

"ಇದು ನಕ್ಷೇಲಿ ಇಲ್ವಲ್ಲ," ಎಂದರು ನಮ್ಮ ಮನೆಯವರು.

ತಿರುಗಿಸಲು ಜಾಗವಿರಲಿಲ್ಲ. ಸಾಹೇಬರು ಹಿಂದಕ್ಕೇ ಓಡಿಸುತ್ತೇನೆಂದು ಕುತ್ತಿಗೆ ಹೊರಳಿಸಿ ಹೊರಟರು. ನಮ್ಮ ಮನೆಯವರು ಇಳಿದು ಹಿಂದೆ ನಿಂತು "ಬನ್ನಿ, ಬನ್ನಿ, ಬನ್ನಿ" ಎಂದರು. ಕೊನೆಯ "ಬನ್ನಿ"ಯನ್ನು ಅವರು ಹೇಳಬಾರದಿತ್ತು. ಗದ್ದೆಯ ಕಡೆಯ ಹಿಂಚಕ್ರ ಹಸಿ ಮಣ್ಣಿನೊಳಗೆ ಕೂತಿತು, ಜೀಪು ವಾಲಿತು, ಅಕ್ಕ ಕಣ್ಣು ಬಿಟ್ಟರು.

"ಬಂತಾ?" ಎಂದು ಕೇಳಿದರು.

"ಇಲ್ಲ ಅಕ್ಕ. ಇಳೀರಿ, ನಿಧಾನಕ್ಕೆ."

ಆಗ ಗಂಟೆ ಹತ್ತಾಗಿತ್ತು. ಸಾಹೇಬರು ಎರಡು ಸಲ ಆಕ್ಸಿಲರೇಟರ್ ತುಳಿದರು, ಚಕ್ರ ಇನ್ನೊಂದು ಗೇಣು ಇಳಿಯಿತು, ನಮ್ಮ ಮನೆಯವರ ಬಿಳಿ ಅಂಗಿಗೆ ಕೆಸರಿನ ಪಟ್ಟಿ ಬಿತ್ತು. ಆಮೇಲೆ ಸಾಹೇಬರು ಕಿರುಬೆರಳು ತೋರಿಸಿ, "ಒಂದ್ ನಿಮಿಷ" ಎಂದು ಏರಿಯಿಳಿದು ಒಂದು ಲಂಟಾನದ ಪೊದೆಯ ಹಿಂದೆ ಹೋದರು. ಒಂದು ನಿಮಿಷ ಐದಾಯಿತು. ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತಾ ನಾನು ಇನ್ನೊಂದು ಪಕ್ಕದಿಂದ ಅದೇ ಪೊದೆಯ ಹತ್ತಿರ ಬಂದೆ. ಸಾಹೇಬರು ನನಗೆ ಬೆನ್ನು ಹಾಕಿ ನಿಂತಿದ್ದರು. ಎರಡೂ ಕೈ ಆಕಾಶಕ್ಕೆ ಚಾಚಿದ್ದರು. ಪ್ರಾರ್ಥನೆಯಿರಬೇಕು ಎಂದುಕೊಂಡೆ. ಕೈಯಲ್ಲಿ ಫೋನಿತ್ತು. ಚೀಲಕ್ಕೆ ಹಾಕಿದ್ದು ಒಂದು, ಒಳಜೇಬಿನಲ್ಲಿ ಇನ್ನೊಂದು! ಸಿಗ್ನಲ್ಲಿಗಾಗಿ ಒಂದು ಸುತ್ತು ತಿರುಗಲು ಹೊರಟರು, ಅರ್ಧ ಸುತ್ತಿಗೆ ನಾನು ಅವರ ಕಣ್ಣಿಗೆ ಬಿದ್ದೆ.

"ಯಾವ ಪುಟ ಸರ್?" ಎಂದೆ.

ಅವರು ಫೋನು ಜೇಬಿಗಿಳಿಸಿದರು. "ಟೈಮ್ ನೋಡ್ತಿದ್ದೆ," ಎಂದರು. ಎಡಗೈಯಲ್ಲಿ ವಾಚಿತ್ತು.

ನಾನು ಯಾರಿಗೂ ಹೇಳಲಿಲ್ಲ. ಒಳ್ಳೆಯತನವೇನಲ್ಲ. ಇಂಥದ್ದನ್ನು ಬೇಗ ಖರ್ಚು ಮಾಡಬಾರದು ಎಂಬ ಲೆಕ್ಕಾಚಾರ.

ನಾವು ಮತ್ತೆ ಮೇಲೆ ಬರುವಷ್ಟರಲ್ಲಿ ಏರಿಯ ಮೇಲೆ ಏಳು ಜನ ಹೆಂಗಸರು ಸಾಲಾಗಿ ಬರುತ್ತಿದ್ದರು. ನಾಟಿಗೆ ಹೊರಟವರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಊಟದ ಡಬ್ಬಿ. ಮುಂದಿದ್ದಾಕೆ ಅರವತ್ತರ ಹತ್ತಿರದವಳು. ಜೀಪನ್ನು ಸುತ್ತು ಹಾಕಿ ನೋಡಿ, ನಮ್ಮ ಮನೆಯವರನ್ನು ಕೇಳಿದಳು: "ಎಲ್ಲಿಗ್ ಹೋಗ್ಬೇಕಿತ್ತು ಸ್ವಾಮಿ?"

ನಮ್ಮ ಮನೆಯವರು ಸಾಹೇಬರ ಮುಖ ನೋಡಿದರು. ದಾರಿ ಕೇಳಬಾರದೆಂಬ ನಿಯಮವಿತ್ತೇ ಹೊರತು, ಕೇಳಿದವರಿಗೆ ಹೇಳಬಹುದೇ ಎಂಬುದು ತೀರ್ಮಾನವಾಗಿರಲಿಲ್ಲ. ಸಾಹೇಬರು ಚಾನಲ್ಲಿನ ಆಚೆ ದಡವನ್ನು ಪರಿಶೀಲಿಸುತ್ತಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಆ ಏರಿಯ ಮೇಲೆ ಪಾಠ ಮರೆತ ಹುಡುಗನಂತೆ ನಿಂತದ್ದು ನೋಡಿ ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

ಉತ್ತರ ಕೊಟ್ಟದ್ದು ಅಕ್ಕ. "ಭದ್ರಾವತಿಗೆ ಕಣಮ್ಮ."

"ಭದ್ರಾವತಿಗಾ?" ಆಕೆ ನಮ್ಮ ನಾಲ್ವರನ್ನೂ, ನನ್ನ ರೇಷ್ಮೆ ಸೀರೆಯನ್ನೂ ನೋಡಿದಳು. "ಯಾಕೆ, ಬಸ್ಸಿರ್ಲಿಲ್ವಾ?"

ಹಿಂದಿದ್ದ ಆರು ಜನ ಬಾಯಿಗೆ ಸೆರಗು ಒತ್ತಿಕೊಂಡರು. ಒಬ್ಬಳಿಗೆ ಅದೂ ಸಾಲದೆ ಆಚೆ ತಿರುಗಿ ಕೂತೇಬಿಟ್ಟಳು.

ಆದರೆ ನಗುತ್ತಲೇ ಡಬ್ಬಿಗಳನ್ನು ಕೆಳಗಿಟ್ಟರು. ಆ ಹಿರಿಯಾಕೆ ಕೆಳಗಿನ ಗದ್ದೆಯಿಂದ ಹುಲ್ಲಿನ ಎರಡು ಹೊರೆ ತರಿಸಿದಳು, ನನ್ನ ಕೈಲಿದ್ದ ಕಲ್ಲನ್ನು ಇಸಕೊಂಡು "ಇದು ಗೊಜ್ಜು ಅರೆಯೋಕಾಗುತ್ತೆ" ಎಂದು ಬಿಸಾಡಿ, ದೊಡ್ಡ ಚಪ್ಪಡಿ ಹೊರಿಸಿ ತಂದಳು. ಚಕ್ರದ ಮುಂದೆ ಹುಲ್ಲು, ಕೆಳಗೆ ಚಪ್ಪಡಿ. "ಸ್ವಾಮಿ, ನೀವು ಒಳಗ್ ಕೂತ್ಕಂಡು ಮೆಲ್ಲಗೆ ಬಿಡಿ. ರೊಯ್ಯ ಅನ್ನಿಸ್ಬೇಡಿ." ಸಾಹೇಬರು ಕೂತು ಮೆಲ್ಲಗೆ ಬಿಟ್ಟರು. ಏಳು ಜನ ಹೆಂಗಸರು, ನಮ್ಮ ಮನೆಯವರು, ಸೊಂಟಕ್ಕೆ ಸೆರಗು ಸಿಕ್ಕಿಸಿದ ನಾನು ಹೆಗಲು ಕೊಟ್ಟೆವು. ಮೂರನೇ ಸಲಕ್ಕೆ ಜೀಪು ಮೇಲೆ ಬಂತು. ನನ್ನ ಸೀರೆಯ ಅಂಚು ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿತು.

ಚಪಾತಿ ಕೊಡಲು ಹೋದರೆ ಆಕೆ ಬೇಡ ಎಂದಳು. ಕೇಳದೆಯೇ ದಾರಿಯನ್ನೂ ಹೇಳಿದಳು. "ಹಿಂಗೇ ಹಿಂದಕ್ಕೆ ಹೋಗಿ. ಅರಳಿಕಟ್ಟೆ ಸಿಗುತ್ತೆ. ಅಲ್ಲಿಂದ ರೈಸ್‌ಮಿಲ್ ಕಡೆ ತಿರ್ಗಿ. ಮಿಲ್ ದಾಟಿದ್ರೆ ಟಾರ್ ರೋಡು, ಸೀದಾ ಭದ್ರಾವತಿ. ಅಡ್ಡದಾರಿ ಹಿಡೀಬೇಡಿ."

ಈ ಸಲ ಸಾಹೇಬರು ಮೆಲ್ಲಗೆ ಹಿಂದಕ್ಕೆ ಓಡಿಸಿ ಅರಳಿಕಟ್ಟೆ ಮುಟ್ಟಿಸಿದರು. ಅಲ್ಲಿ ಅಕ್ಕ ಗಂಡನ ಭುಜ ತಟ್ಟಿ ಜೀಪು ನಿಲ್ಲಿಸಿದರು. "ಟೀಚರ್ ಮುಂದೆ ಕೂತ್ಕೊಳ್ಳಲಿ. ನಕ್ಷೆ ಅವ್ರ ಕೈಗೆ ಕೊಡಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಡುಗೆಮನೆಯಲ್ಲಿ ಸೌಟು ಎಲ್ಲಿಡಬೇಕೆಂದು ಹೇಳುವ ದನಿ. ನಮ್ಮ ಮನೆಯವರು ಹಿಂದೆ ಬಂದು ಕ್ಯಾರಿಯರ್ ಹಿಡಿದು ಕೂತರು.

ಕೊನೆಗೂ ಪುಸ್ತಕ ನನ್ನ ಕೈಗೆ ಬಂದಿತ್ತು. ಅರಳಿಕಟ್ಟೆಯ ಕೂಡುದಾರಿಯನ್ನು, ಕೆರೆಯ ಆಕಾರವನ್ನು, ಚಾನಲ್ಲಿನ ತಿರುವನ್ನು ನೋಡಿ ನಾವೆಲ್ಲಿದ್ದೇವೆಂದು ಅರೆಗಳಿಗೆಯಲ್ಲಿ ಹಿಡಿದೆ. ರೈಸ್‌ಮಿಲ್ಲಿನ ದಾರಿಯೂ ಕಂಡಿತು. ಅದು ದೊಡ್ಡ ಬಳಸು. ಅದಕ್ಕಿಂತ ಮೊದಲೇ ಎಡಕ್ಕೊಂದು ಬೂದು ಗೆರೆ ಹೋಗಿ, ಚಾನಲ್ಲನ್ನು ಸೇತುವೆಯ ಮೇಲೆ ದಾಟಿ, ಸೀದಾ ಭದ್ರಾವತಿಯ ರಸ್ತೆಗೆ ಸೇರುತ್ತಿತ್ತು. ಚುಕ್ಕಿಯಲ್ಲ, ಪೂರ್ತಿ ಗೆರೆ. ಸೇತುವೆಯ ಗುರುತು ಸ್ಪಷ್ಟವಾಗಿತ್ತು.

"ಆ ಹೆಂಗಸು ಅಡ್ಡದಾರಿ ಬೇಡ ಅಂದ್ಲಲ್ಲ," ಎಂದರು ಹಿಂದಿನಿಂದ ನಮ್ಮ ಮನೆಯವರು.

"ಅವಳಿಗೆ ನಡೆದು ಗೊತ್ತು, ನಕ್ಷೆ ನೋಡಿ ಗೊತ್ತಿಲ್ಲ," ಎಂದೆ ನಾನು. "ಎಡಕ್ಕೆ ತಿರುಗಿಸಿ ಸರ್."

ಹೌದು, ನಾನೇ ಅಂದದ್ದು. ಹತ್ತು ನಿಮಿಷದ ಹಿಂದೆ ನಮ್ಮ ಜೀಪನ್ನು ಕೆಸರಿನಿಂದ ಎತ್ತಿದವಳ ಬಗ್ಗೆ, ಇನ್ನೂ ಆ ಕೆಸರು ನನ್ನ ತೋಳಿನ ಮೇಲೆ ಒಣಗುವ ಮೊದಲೇ. ಗಂಡಸರ ಮೇಲೆ ಇಷ್ಟು ಹೊತ್ತು ಹಲ್ಲು ಕಡಿದವಳಿಗೆ ಅಧಿಕಾರ ಕೈಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ.

ಸೇತುವೆ ಇತ್ತು. ನಕ್ಷೆ ಸುಳ್ಳು ಹೇಳಿರಲಿಲ್ಲ. ಆದರೆ ಅದರ ಎರಡೂ ಬಾಯಿಗೆ ಕಾಂಕ್ರೀಟ್ ಕಂಬ ನೆಟ್ಟಿದ್ದರು. ಬೈಕು ಹೋಗುವಷ್ಟು ಜಾಗ. ಮರಳು ಲಾರಿಗಳು ಓಡಾಡಿ ಸೇತುವೆ ಬಿರುಕು ಬಿಟ್ಟ ಮೇಲೆ ನೆಟ್ಟದ್ದಂತೆ, ಅಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ಹೇಳಿದ. ಎಷ್ಟು ವರ್ಷವಾಯಿತೆಂದು ಅವನಿಗೂ ನೆನಪಿರಲಿಲ್ಲ.

ಯಾರಾದರೂ ಏನಾದರೂ ಅಂದಿದ್ದರೆ ವಾಸಿಯಿತ್ತು. ಸಾಹೇಬರು ಇಂಜಿನ್ ಆಫ್ ಮಾಡಿ ಮೀಸೆಯ ಅಡಿಯಲ್ಲೇ ತೃಪ್ತಿಪಟ್ಟರು. ಅಕ್ಕ ನನ್ನ ಕಡೆ ನೋಡದೆ ಕಿಟಕಿಯ ಹೊರಗೆ ನೋಡಿದರು. ನಮ್ಮ ಮನೆಯವರು ಬಹಳ ಹೊತ್ತಿನ ಮೇಲೆ, "ಚಪಾತಿ ತಿನ್ನೋಣ್ವಾ?" ಎಂದರು.

ಗಂಟೆ ಹನ್ನೊಂದೂ ಮುಕ್ಕಾಲು. ನಾನು ಫಲಕ ತೆಗೆದುಕೊಂಡೆ, ಚೀಲದಿಂದ ನನ್ನ ಫೋನು ತೆಗೆದುಕೊಂಡೆ. ಸಿಗ್ನಲ್ ಇರಲಿಲ್ಲ. "ನಾನು ನಡ್ಕೊಂಡ್ ಹೋಗ್ತೀನಿ," ಎಂದು ಕಂಬಗಳ ನಡುವೆ ನುಗ್ಗಿ ಸೇತುವೆ ದಾಟಿದೆ. ನಮ್ಮ ಮನೆಯವರು "ನಿಲ್ಲೇ, ನಾನೂ ಬರ್ತೀನಿ" ಎಂದು ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ.

ಬಿಸಿಲಿನಲ್ಲಿ ಅರ್ಧ ಗಂಟೆ ನಡೆದ ಮೇಲೆ ಭದ್ರಾವತಿಯ ರಸ್ತೆ ಸಿಕ್ಕಿತು. ಬಸ್ಸಿನ ಸುಳಿವಿರಲಿಲ್ಲ. ಕೋಳಿ ಸಾಗಿಸುವ ಒಂದು ಗೂಡ್ಸ್ ಆಟೋ ನಿಂತಿತು. ಭದ್ರಾವತಿಯ ಕಾರ್ಖಾನೆ ಬಡಾವಣೆಯ ಹುಡುಗ, ಕೋಳಿಗಳನ್ನು ಇಳಿಸಿ ಖಾಲಿ ಪಂಜರಗಳ ಜೊತೆ ವಾಪಸಾಗುತ್ತಿದ್ದ. ಫೋನಿನಲ್ಲಿ ಯಾರಿಗೋ ಬರುತ್ತಿದ್ದೇನೆಂದು ತಮಿಳಿನಲ್ಲಿ "ವರೇನ್, ವರೇನ್" ಎನ್ನುತ್ತಲೇ ನನಗೆ ಕನ್ನಡದಲ್ಲಿ, "ಹತ್ತಿ ಮೇಡಂ, ಪುಕ್ಕ ಹಾರುತ್ತೆ, ಮೂಗು ಮುಚ್ಕೊಳ್ಳಿ" ಎಂದ.

ಶಾಲೆ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ ಬಾಕಿ. ನಮ್ಮ ಶಾಲೆಯ ಯಾವ ಕಾರ್ಯಕ್ರಮವೂ ಹೇಳಿದ ಹೊತ್ತಿಗೆ ಶುರುವಾದದ್ದನ್ನು ನಾನು ಕಂಡಿಲ್ಲ. ಅತಿಥಿಗಳು ತಡವಾಗಿರುತ್ತಾರೆ, ಮೈಕು ಕೆಟ್ಟಿರುತ್ತದೆ ಎಂದು ದಾರಿಯುದ್ದಕ್ಕೂ ನಂಬಿಕೊಂಡು ಬಂದೆ. ಅವತ್ತು ಎಲ್ಲ ಗಡಿಯಾರದಂತೆ ನಡೆದಿತ್ತು. ವೇದಿಕೆಯ ಮೇಲೆ ಖಾಲಿ ಕುರ್ಚಿಗಳಿದ್ದವು. ಎಲ್ಲರೂ ಊಟಕ್ಕೆ ಕೂತಿದ್ದರು.

ಹೆಡ್‌ಮಿಸ್ಟ್ರೆಸ್ ಮೊದಲ ಸಾಲಿನಲ್ಲಿ, ಎಲೆಯ ಮುಂದೆ. ಹಾರವನ್ನು ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟಿದ್ದರು. ನನ್ನನ್ನು ಕಂಡು ಅವರ ಕೈ ಅನ್ನದ ಮೇಲೆ ನಿಂತಿತು. ನಾನು ಫಲಕದ ಕಾಗದ ಬಿಚ್ಚಿ ತೋರಿಸಿದೆ. ತಲೆಯಲ್ಲಿ ಪುಕ್ಕವಿತ್ತೆಂದು ಆಮೇಲೆ ಗೊತ್ತಾಯಿತು.

"ಇಪ್ಪತ್ತೆರಡು ವರ್ಷದಲ್ಲಿ ನೀವು ಒಂದಿನ ಲೇಟಾಗಿ ಬಂದಿಲ್ಲ ಕಣ್ರೀ," ಎಂದರು ಅವರು. "ಇವತ್ತೇ ಬೇಕಿತ್ತಾ?"

ಅವರು ಬೈಯಲಿಲ್ಲ, ಅದೇ ನೋವು. ನಾನು ಬರೆದ ಅಭಿನಂದನಾ ಪತ್ರ ನನ್ನ ಬ್ಯಾಗಿನಲ್ಲೇ ಇದ್ದುದರಿಂದ ಡ್ರಿಲ್ ಮೇಷ್ಟ್ರು ಬಾಯಿಗೆ ಬಂದಂತೆ ಎರಡು ಮಾತಾಡಿ ಮುಗಿಸಿದ್ದರಂತೆ. ಪಾಯಸ ಬಡಿಸುವವರು ನಮ್ಮಿಬ್ಬರ ನಡುವೆ ಬಂದು ನಿಂತರು. ನಾನು ಪಕ್ಕಕ್ಕೆ ಸರಿದೆ. ಮರುದಿನ ಹೆಡ್‌ಮಿಸ್ಟ್ರೆಸ್ ಮನೆಗೆ ಹೋಗಿ ಆ ಪತ್ರವನ್ನು ಓದಿ ಕೊಟ್ಟೆ. ಕೇಳಿದವರು ಅವರು, ಅವರ ಗಂಡ, ಮತ್ತು ಮಿಕ್ಸಿ ರಿಪೇರಿಗೆ ಬಂದಿದ್ದ ಒಬ್ಬರು. ಮಿಕ್ಸಿಯವರು ಕಣ್ಣೊರೆಸಿಕೊಂಡರು.

ಜೀಪು ಶಾಲೆಯ ಗೇಟಿಗೆ ಬಂದದ್ದು ಎರಡೂವರೆಗೆ. ರೈಸ್‌ಮಿಲ್ಲಿನ ದಾರಿಯಲ್ಲೇ ಬಂದಿದ್ದರು. ಸಾಹೇಬರು ಇಳಿದು ಕೈ ಕೊಡವಿಕೊಂಡು, "ಬಂದ್ವಲ್ಲ ಮೇಡಂ! ಹೈವೇ ಮುಟ್ಲಿಲ್ಲ," ಎಂದರು. ಅವರ ಮುಖದಲ್ಲಿ ಗೆದ್ದವರ ಕಳೆಯಿತ್ತು. ಡ್ಯಾಮಿನ ವಿಷಯ ಯಾರೂ ಎತ್ತಲಿಲ್ಲ.

ಅಕ್ಕ ಜೀಪಿನಿಂದ ತಮ್ಮ ಬ್ಯಾಗು ಇಳಿಸಿಕೊಂಡರು. "ನಾನು ಟೀಚರ್ ಜೊತೆ ಬಸ್ಸಲ್ಲಿ ಬರ್ತೀನಿ," ಎಂದು ಗಂಡನ ಉತ್ತರಕ್ಕೆ ಕಾಯದೆ ನಡೆದರು.

ಬಸ್ಸಿನಲ್ಲಿ ನನಗೆ ಕಿಟಕಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ನಾನು ತಡೆಯಲಾರದೆ, ಪೊದೆಯ ಹಿಂದೆ ಕಂಡದ್ದನ್ನು ಅವರಿಗೆ ಹೇಳಿದೆ. ಅವರಿಗೆ ಬೇಸರವಾಗಬಹುದು ಎಂದು ಬಹಳ ಮೆತ್ತಗೆ ಹೇಳಿದೆ.

"ಆ ಫೋನಾ?" ಎಂದರು ಅಕ್ಕ. "ಶನಿವಾರ ರಾತ್ರಿ ಅದಕ್ಕೆ ಚಾರ್ಜ್ ಹಾಕೋದೇ ನಾನು ಟೀಚರ್. ಇಲ್ದಿದ್ರೆ ಮನೆಗೆ ಹೆಂಗ್ ಬರ್ತಾರೆ?"

ನಾನು ಶಿವಮೊಗ್ಗ ಬರುವವರೆಗೆ ಬಿಟ್ಟು ಬಿಟ್ಟು ನಕ್ಕೆ. ಅಕ್ಕ ನಗಲಿಲ್ಲ. "ಮೂವತ್ತಾರು ವರ್ಷ ಇವರ ಗಾಡೀಲಿ ಕಣ್ ಮುಚ್ಕೊಂಡೇ ಕೂತಿದೀನಿ," ಎಂದರು. "ನಿದ್ದೆ ಬರುತ್ತೆ ಅಂತ ತಿಳ್ಕೊಂಡಿದಾರೆ."

ಎರಡು ತಿಂಗಳ ಮೇಲೆ ಸಾಹೇಬರ ಭಾಷಣವಿತ್ತು. ಆಲ್ಕೊಳ ಸರ್ಕಲ್ಲಿನ ಹತ್ತಿರದ ಒಂದು ಸಭಾಂಗಣ, ಹಿರಿಯರ ಸಂಘವೊಂದರ ತಿಂಗಳ ಕೂಟ, ವಿಷಯ 'ಕಾಗದದ ನಕ್ಷೆ ಹಿಡಿದು ಹಳ್ಳಿದಾರಿಯಲ್ಲಿ'. ನಮ್ಮ ಮನೆಯವರನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ನಾನು ಹಿಂದೆ ಕೂತೆ. ಸಾಹೇಬರು ಚೆನ್ನಾಗಿ ಮಾತಾಡುತ್ತಾರೆ, ಅದನ್ನು ಒಪ್ಪಬೇಕು. ಫೋನಿಗೆ ದಾಸರಾದವರ ಬಗ್ಗೆ ಜನ ನಕ್ಕರು, ನಗುತ್ತಾ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಚಾನಲ್ ಏರಿಯ ಕಥೆ ಬಂತು. ಅದರಲ್ಲಿ ಏರಿ ನಮ್ಮ ಏರಿಗಿಂತ ಎತ್ತರವಾಗಿತ್ತು, ನೀರು ಭೋರ್ಗರೆಯುತ್ತಿತ್ತು, ಜೀಪು ಒಂದು ಚಕ್ರದ ಮೇಲೆ ನಿಂತಿತ್ತು. "ಧೃತಿಗೆಡಲಿಲ್ಲ. ನಾನು, ನನ್ನ ಗೆಳೆಯರು, ಇಬ್ಬರೇ, ಕಲ್ಲು ಕೊಟ್ಟು ಗಾಡಿಯನ್ನ ಮೇಲೆ ತಂದ್ವಿ. ಗದ್ದೆಯ ಕೆಲಸದ ಹೆಣ್ಣುಮಕ್ಕಳು ನಿಂತು ನೋಡ್ತಾ ಇದ್ರು," ಎಂದರು.

ಪೊದೆಯ ಹಿಂದಿನ ಫೋನನ್ನು ಆಗ ಖರ್ಚು ಮಾಡೋಣ ಎಂದು ನಾನು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಯಾರೋ ಎದ್ದರು. ನಮ್ಮ ಮನೆಯವರು.

"ಕ್ಷಮಿಸಿ ಸರ್," ಎಂದರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಅವ್ರು ನಿಂತು ನೋಡ್ಲಿಲ್ಲ. ಏಳು ಜನ ಇದ್ರು. ಅವ್ರೇ ಎತ್ತಿದ್ದು. ನಾವು ದಾರಿ ತಪ್ಪಿದ್ವಿ. ನಾನೇ ತಪ್ಪು ಓದಿದ್ದು, ಕನ್ನಡಕ ಮರ್ತಿದ್ದೆ. ನಮ್ಮನೆಯವ್ರು ಹೇಳಿದ್ರು, ಕೇಳ್ಲಿಲ್ಲ." ಇಷ್ಟು ಹೇಳಿ ಕೂತುಬಿಟ್ಟರು.

ಸಾಹೇಬರು "ನನ್ನ ಗೆಳೆಯರದು ದೊಡ್ಡ ಮನಸ್ಸು, ಹಳ್ಳಿಯವರಿಗೇ ಎಲ್ಲ ಶ್ರೇಯಸ್ಸು ಕೊಡ್ತಾರೆ," ಎಂದರು. ಚಪ್ಪಾಳೆ ಬಿತ್ತು. ಅದು ಯಾರಿಗೆ ಬಿತ್ತೋ ಹೊಡೆದವರಿಗೂ ಗೊತ್ತಿರಲಿಲ್ಲ.

ಭಾಷಣದ ಮುಂದಿನ ಭಾನುವಾರದಿಂದ ಜೀಪು ನಮ್ಮ ಮನೆಗೆ ಬರುವುದು ನಿಂತಿತು. 'ಹಿಂದಿನ ದಾರಿ' ಎಂಬ ಹೆಸರಿನಲ್ಲಿ ಸಾಹೇಬರ ತಂಡ ಈಗ ದೊಡ್ಡದಾಗಿದೆಯಂತೆ, ಎಲ್ಲರಿಗೂ ಒಂದೇ ಬಣ್ಣದ ಟೋಪಿ ಹೊಲಿಸಿದ್ದಾರಂತೆ. ಪಾರ್ಕಿನಲ್ಲಿ ಎದುರು ಸಿಕ್ಕಾಗ ನಮ್ಮ ಮನೆಯವರನ್ನು ನೋಡಿ ಸಾಹೇಬರು ತಲೆಯಾಡಿಸುತ್ತಾರೆ, ನಿಲ್ಲುವುದಿಲ್ಲ. ಎರಡು ವಾರ ನಮ್ಮ ಮನೆಯವರು ಮಂಕಾಗಿದ್ದರು. ಮೂರನೇ ವಾರ ಅದೇ ಪುಸ್ತಕದ ಒಂದು ಪ್ರತಿಯನ್ನು ಎಲ್ಲಿಂದಲೋ ತರಿಸಿ ನನ್ನ ಮುಂದೆ ಇಟ್ಟರು.

ಈಗ ರಜೆಯಲ್ಲಿ ನಾವಿಬ್ಬರೇ ನಮ್ಮ ಸಣ್ಣ ಕಾರಿನಲ್ಲಿ ಹೋಗುತ್ತೇವೆ. ಅವರು ಓಡಿಸುತ್ತಾರೆ, ನಾನು ನಕ್ಷೆ ಹಿಡಿಯುತ್ತೇನೆ, ಕಂಡವರನ್ನೆಲ್ಲ ದಾರಿ ಕೇಳುತ್ತೇವೆ. ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ದಾರಿ ಗೊತ್ತಿಲ್ಲ ಎಂದು ಹೇಳುವ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹೋದ ವಾರ ಒಬ್ಬರು ಹೆಂಚಿನ ಮನೆಯ ಕಟ್ಟೆಯ ಮೇಲೆ ಕೂತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಎಂದು ಕೈ ಬೀಸಿ ಬೀಸಿ ವಿವರಿಸಿದರು. ಕೊನೆಯಲ್ಲಿ ತಿಳಿಯಿತು, ಅವರೂ ಆ ಊರಿಗೆ ಬೀಗರ ಮನೆಗೆ ಬಂದವರು, ಹಿಂದಿನ ದಿನ ಬಸ್ಸಿನಲ್ಲಿ.